ಡಿಕ್ಕಿಯಲ್ಲೊಂದು ಎರಡನೇ ಬ್ಯಾಟರಿ

2019ರ ನವೆಂಬರ್ 30, ಶನಿವಾರ. ಸಂಜೆ ಐದೂವರೆ ಗಂಟೆ. ಹರಿಹರ ತಾಲ್ಲೂಕಿನ ಒಂದು ಹಳ್ಳಿಯ ಬಸವಣ್ಣನ ಗುಡಿ ಮುಂದೆ ನನ್ನ ಹಳೆಯ ಪುಟ್ಟ ಕಾರು ನಿಂತಿತ್ತು. ಕೀಲಿ ತಿರುಗಿಸಿದೆ. 'ಟಕ್' ಎಂದಿತು. ಇನ್ನೊಮ್ಮೆ ತಿರುಗಿಸಿದೆ. ಮತ್ತೆ 'ಟಕ್'. ಮೂರನೇ ಸಲ ಆ ಸದ್ದೂ ಬರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಏಳನೇ ತರಗತಿಯ ಮೊಮ್ಮಗಳು ನನ್ನ ಮುಖ ನೋಡಿದಳು. "ಅಜ್ಜ, ಇನ್ನೊಂದು ಮನೆ ಬಾಕಿ ಐತಲ್ಲ?" ಎಂದಳು.

ಬಾಕಿ ಇದ್ದದ್ದು ಆರು ಕಿಲೋಮೀಟರ್ ಆಚೆ, ತುಂಗಭದ್ರೆಯ ದಂಡೆಯ ಇನ್ನೊಂದು ಊರಿನಲ್ಲಿ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರ ಹೆಂಡತಿ, 78 ವರ್ಷದ ಅಜ್ಜಿ. ಗಂಡ ತೀರಿಕೊಂಡ ಮೇಲೆ ಬರುವ ಕುಟುಂಬ ಪಿಂಚಣಿಯೇ ಅವರಿಗೆ ಆಧಾರ. ಆ ಪಿಂಚಣಿ ನಿಲ್ಲದೆ ಬರಬೇಕಾದರೆ ಅವತ್ತು ರಾತ್ರಿಯೊಳಗೆ ಅವರ ಜೀವಿತ ಪ್ರಮಾಣಪತ್ರ ಸಲ್ಲಿಕೆಯಾಗಬೇಕಿತ್ತು. "ಸಂಜೆ ಆರಕ್ಕೆ ಬರ್ತೀವಿ" ಎಂದು ಹೇಳಿ ಕಳಿಸಿದ್ದವನು ನಾನೇ.

ಅವತ್ತು ನನ್ನ ಕಾರು ಕೆಟ್ಟಿರಲಿಲ್ಲ. ಕೆಟ್ಟಿದ್ದು ನನ್ನ ಲೆಕ್ಕ. ನಲವತ್ತು ವರ್ಷದ ಹತ್ತಿರ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ಬರೆದವನಿಗೆ ಒಂದು ಬ್ಯಾಟರಿಯ ಜಮಾ-ಖರ್ಚು ತಿಳಿಯಲಿಲ್ಲ. ಆ ಕಥೆಯನ್ನೂ, ಆಮೇಲೆ ಕಲಿತ ಪಾಠವನ್ನೂ ನಿಮಗೆ ಹೇಳುತ್ತೇನೆ. ಮಕ್ಕಳೇ, ನೀವು ಓದಿ ನಿಮ್ಮ ಅಜ್ಜ-ಅಜ್ಜಿಗೂ ಓದಿ ಹೇಳಿ.

ಕಾರಿನೊಳಗೆ ಕಚೇರಿ

ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಎಂದು ರುಜುವಾತು ಕೊಡಬೇಕು. ಕೇಳಲು ತಮಾಷೆ ಅನಿಸಬಹುದು, ಆದರೆ ನಿಯಮ ಹಾಗಿದೆ. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ಇದು ನವೆಂಬರ್ ತಿಂಗಳ ಕೆಲಸ. ನಾನು ಕೌಂಟರಿನಲ್ಲಿ ಕುಳಿತಿದ್ದ ಕಾಲದಲ್ಲಿ ನವೆಂಬರ್ ಬಂತೆಂದರೆ ಬಾಗಿಲು ತೆಗೆಯುವ ಮೊದಲೇ ಅಜ್ಜ-ಅಜ್ಜಿಯರ ಸಾಲು. ಕೋಲೂರಿಕೊಂಡು ಬಂದವರು, ಆಟೋದಲ್ಲಿ ಎತ್ತಿಕೊಂಡು ಬಂದವರು, ಎಲ್ಲರೂ ಒಂದು ಸಹಿಗಾಗಿ.

2014ರ ನವೆಂಬರ್‌ನಲ್ಲಿ 'ಜೀವನ್ ಪ್ರಮಾಣ್' ಎಂಬ ವ್ಯವಸ್ಥೆ ಬಂತು. ಆಧಾರ್ ಸಂಖ್ಯೆ, ಪಿಂಚಣಿ ಆದೇಶದ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ತುಂಬಿ, ಬೆರಳಚ್ಚು ಯಂತ್ರದ ಮೇಲೆ ಬೆರಳಿಟ್ಟರೆ ಪ್ರಮಾಣಪತ್ರ ಕಂಪ್ಯೂಟರಿನಲ್ಲೇ ತಯಾರಾಗುತ್ತದೆ. ಬ್ಯಾಂಕಿಗೆ ಹೋಗಬೇಕಾಗಿಲ್ಲ. ಆದರೆ ಕಂಪ್ಯೂಟರ್ ಇರುವ ಕಡೆಗಾದರೂ ಹೋಗಬೇಕಲ್ಲ? ಮೊಣಕಾಲು ಬಾರದವರು, ಹಾಸಿಗೆ ಹಿಡಿದವರು ಏನು ಮಾಡಬೇಕು?

ನಾನು ನಿವೃತ್ತನಾಗಿ ಮನೆಯಲ್ಲಿ ಕುಳಿತಿದ್ದೆ. ಹಳೆಯ ಲ್ಯಾಪ್‌ಟಾಪ್ ಇತ್ತು. ಒಂದು ಬೆರಳಚ್ಚು ಯಂತ್ರ ಕೊಂಡೆ. ಒಂದು ಸಣ್ಣ ಇಂಕ್‌ಜೆಟ್ ಪ್ರಿಂಟರ್ ಕಾರಿನ ಹಿಂದಿನ ಸೀಟಿನ ಮೇಲೆ ಕೂತಿತು. ಪ್ರಿಂಟರ್ ಯಾಕೆ ಎನ್ನುತ್ತೀರಾ? ನಿಯಮದ ಪ್ರಕಾರ ಬೇಕಾಗಿಲ್ಲ, ಮೊಬೈಲಿಗೆ ಒಂದು ಸಂದೇಶ ಬಂದರೆ ಸಾಕು. ಆದರೆ ನಮ್ಮ ಹಳ್ಳಿಯ ಹಿರಿಯರಿಗೆ ಕೈಯಲ್ಲಿ ಒಂದು ಕಾಗದ ಬರದಿದ್ದರೆ ಕೆಲಸ ಆಯಿತೆಂಬ ನಂಬಿಕೆ ಬರುವುದಿಲ್ಲ. ಆ ಕಾಗದವನ್ನು ಅವರು ದೇವರ ಪಟದ ಹಿಂದೆ ಜೋಪಾನವಾಗಿ ಇಡುತ್ತಾರೆ.

ದಾವಣಗೆರೆಯಿಂದ ಹರಿಹರ 14 ಕಿಲೋಮೀಟರ್. ನವೆಂಬರ್ ತಿಂಗಳಲ್ಲಿ ಶಾಲೆ ಅರ್ಧ ದಿನ ಇರುವ ಶನಿವಾರಗಳಂದು ನಾನೂ ಮೊಮ್ಮಗಳೂ ಆ ಕಡೆ ಹೊರಡುತ್ತಿದ್ದೆವು. ನಾನು ಕಾಗದಪತ್ರ ನೋಡುವುದು, ಅವಳು ಕೀಲಿಮಣೆ ಒತ್ತುವುದು. ಹಳ್ಳಿಯಲ್ಲಿ ಕರೆಂಟ್ ಇದ್ದರೆ ಸರಿ, ಇಲ್ಲದಿದ್ದರೆ ಕಾರಿನ ಬ್ಯಾಟರಿಯೇ ಗತಿ. ಬ್ಯಾಟರಿಗೆ ಒಂದು ಸಣ್ಣ ಇನ್ವರ್ಟರ್ ಜೋಡಿಸಿದ್ದೆ. ಅದು 12 ವೋಲ್ಟನ್ನು ಮನೆಯ ಪ್ಲಗ್ಗಿನಂತೆ 230 ವೋಲ್ಟ್ ಮಾಡಿ ಕೊಡುತ್ತಿತ್ತು. ಎಂಜಿನ್ ಆರಿಸಿ, ಗುಡಿಯ ಮುಂದೆ ನೆರಳಲ್ಲಿ ಕಾರು ನಿಲ್ಲಿಸಿ ಕೆಲಸ ಶುರು ಮಾಡುತ್ತಿದ್ದೆವು.

ಆ ಶನಿವಾರ ನಾಲ್ಕು ಮನೆಯ ಕೆಲಸ. ಒಂದೊಂದಕ್ಕೂ ಮುಕ್ಕಾಲು ಗಂಟೆ. ಹೊಲದಲ್ಲಿ, ಗಿರಣಿಯಲ್ಲಿ ದುಡಿದ ಕೈಗಳ ಬೆರಳಿನ ಗೆರೆಗಳು ಸವೆದುಹೋಗಿರುತ್ತವೆ, ಯಂತ್ರ ಅವನ್ನು ಬೇಗ ಗುರುತಿಸುವುದಿಲ್ಲ. ಬೆರಳು ತೊಳೆದು, ಒರೆಸಿ, ಹತ್ತು ಬೆರಳನ್ನೂ ಒಂದಾದ ಮೇಲೊಂದು ಇಟ್ಟು ನೋಡಬೇಕು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಬ್ಯಾಟರಿ ಬರಿದಾದದ್ದೂ ತಿಳಿಯಲಿಲ್ಲ.

ಹರಿಹರದಿಂದ ಬೈಕಿನಲ್ಲಿ ಮೆಕ್ಯಾನಿಕ್ ಒಬ್ಬ ಬರುವಷ್ಟರಲ್ಲಿ ರಾತ್ರಿ ಎಂಟೂವರೆ. ಜಂಪರ್ ಕೇಬಲ್ ಕೈಯಲ್ಲಿ ಹಿಡಿದು ಬಾನೆಟ್ ಎತ್ತಿದವನು ಮೊದಲು ಹೇಳಿದ್ದು, "ಅಜ್ಜಾರೇ, ಮೊದ್ಲು ಆ ಇನ್ವರ್ಟರ್ ಬಿಚ್ಚಿ ಇಡ್ರಿ, ಇಲ್ಲಾಂದ್ರ ಸುಟ್ಟು ಹೋಗ್ತತಿ." ಕಾರು ಹೊರಟಾಗ ಒಂಬತ್ತಾಗಿತ್ತು. ಆ ಕತ್ತಲಲ್ಲಿ, ಆ ದುರ್ಬಲ ಬ್ಯಾಟರಿ ನಂಬಿ, ಮಗುವನ್ನು ಕರೆದುಕೊಂಡು ಮುಂದಿನ ಊರಿಗೆ ಹೋಗುವ ಧೈರ್ಯ ಬರಲಿಲ್ಲ. ಅಜ್ಜಿಯ ಮನೆಯಲ್ಲಿ ಫೋನ್ ಇರಲಿಲ್ಲ. ಪಕ್ಕದ ಅಂಗಡಿಯ ಫೋನ್ ಯಾರೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಹೋದೆವು. ಅಜ್ಜಿ ರಾತ್ರಿ ಹತ್ತರವರೆಗೆ ಜಗಲಿಯ ಮೇಲೆ ಕುಳಿತು ಕಾದಿದ್ದರಂತೆ. ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರಂತೆ. ನಮ್ಮನ್ನು ಬೈಯಲಿಲ್ಲ. "ಕತ್ತಲಾಗ ಮಗೀನ ಕರ್ಕೊಂಡು ಬರ್ಲಿಲ್ಲಲ್ಲ, ಚಲೋ ಆತು ಬಿಡ್ರಿ" ಎಂದರು. ಕೆಲಸ ಮಾಡಿಕೊಟ್ಟೆವು. ಆದರೆ ದಿನ ಮೀರಿತ್ತು. ಡಿಸೆಂಬರ್ ಪಿಂಚಣಿ ತಡೆಯಾಗಿ, ಅವರ ಕೈಗೆ ಬಂದಾಗ ಜನವರಿ ಅರ್ಧ ಕಳೆದಿತ್ತು. ಅಷ್ಟು ದಿನ ರಕ್ತದೊತ್ತಡದ ಮಾತ್ರೆಯನ್ನು ಸಾಲ ತಂದು ನುಂಗಿದರು ಎಂದು ಆಮೇಲೆ ತಿಳಿಯಿತು. ನನಗೆ ಹಲವು ರಾತ್ರಿ ನಿದ್ದೆ ಬರಲಿಲ್ಲ.

ಬ್ಯಾಟರಿಯೂ ಒಂದು ಉಳಿತಾಯ ಖಾತೆ

ಮೊಮ್ಮಗಳು ಕೇಳಿದಳು: "ಅಜ್ಜ, ಬ್ಯಾಟರಿಯೊಳಗೆ ಎಷ್ಟಿತ್ತು, ನಾವು ಎಷ್ಟು ತೆಗೆದ್ವಿ?" ಇದನ್ನು ನಾನು ಮೊದಲೇ ಕೇಳಿಕೊಳ್ಳಬೇಕಿತ್ತು. ಇಬ್ಬರೂ ಕಾಗದ ಹಿಡಿದು ಕುಳಿತೆವು.

ಕಾರಿನ ಬ್ಯಾಟರಿಯ ಮೇಲೆ 35 ಆಂಪಿಯರ್-ಅವರ್ ಎಂದು ಬರೆದಿತ್ತು. ಅಂದರೆ ಅದು ಹೊಸದಾಗಿದ್ದಾಗ, ಒಂದು ಆಂಪಿಯರ್‌ನಂತೆ ತೆಗೆದರೆ ಸುಮಾರು 35 ಗಂಟೆ ಬರುತ್ತದೆ. ಇದು ನಮ್ಮ ಠೇವಣಿ.

ಇನ್ನು ಖರ್ಚು. ಲ್ಯಾಪ್‌ಟಾಪ್ 50 ವ್ಯಾಟ್. ಪ್ರಿಂಟರ್ ಅಚ್ಚು ಹಾಕುವಾಗ 15 ವ್ಯಾಟ್. ಇಂಟರ್ನೆಟ್ ಕೊಡುವ ಮೊಬೈಲಿನ ಚಾರ್ಜಿಗೆ 10. ಬೆರಳಚ್ಚು ಯಂತ್ರಕ್ಕೆ ಎರಡೂವರೆ. ಒಟ್ಟು 78 ವ್ಯಾಟ್ ಎನ್ನಿ. ಇನ್ವರ್ಟರ್ ಪುಕ್ಕಟೆ ಕೆಲಸ ಮಾಡುವುದಿಲ್ಲ. 12 ವೋಲ್ಟನ್ನು 230 ಮಾಡುವಾಗ ಒಂದಷ್ಟನ್ನು ಬಿಸಿಯಾಗಿ ಕಳೆಯುತ್ತದೆ. ಅದನ್ನೂ ಸೇರಿಸಿದರೆ 90 ವ್ಯಾಟ್. 90ನ್ನು 12ರಿಂದ ಭಾಗಿಸಿದರೆ ಏಳೂವರೆ ಆಂಪಿಯರ್. ಮೂರು ಗಂಟೆ ಕೆಲಸಕ್ಕೆ ಇಪ್ಪತ್ತೆರಡೂವರೆ ಆಂಪಿಯರ್-ಅವರ್!

ಹೊಸ ಬ್ಯಾಟರಿಯಾದರೂ ಮೂರರಲ್ಲಿ ಎರಡು ಪಾಲು ಖಾಲಿ. ನಮ್ಮದು ಮೂರು ವರ್ಷ ಹಳೆಯದು, ಅದರಲ್ಲಿ ಬರೆದಷ್ಟು ಹಿಡಿಯುವ ಶಕ್ತಿಯೇ ಉಳಿದಿರಲಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಐದು ನಿಮಿಷ ಓಡಿಸಿದಾಗ ಜಮಾ ಆದದ್ದು ಚಿಲ್ಲರೆ. ಎಂಜಿನ್ ಸ್ಟಾರ್ಟ್ ಮಾಡುವ ಮೋಟಾರಿಗೋ ಒಂದು ಕ್ಷಣಕ್ಕೆ ನೂರು ಆಂಪಿಯರ್‌ಗೂ ಮಿಕ್ಕಿ ಬೇಕು. ಖಾತೆಯಲ್ಲಿ ಕನಿಷ್ಠ ಮೊತ್ತವನ್ನೂ ಬಿಡದೆ ಬಳಿದುಬಿಟ್ಟರೆ ಚೆಕ್ ವಾಪಸು ಬರುವುದಲ್ಲದೆ ಇನ್ನೇನು? ಆ 'ಟಕ್' ಸದ್ದು ವಾಪಸಾದ ಚೆಕ್ಕಿನ ಸದ್ದು.

ಇನ್ನೊಂದು ವಿಷಯವನ್ನೂ ಆಗ ತಿಳಿದುಕೊಂಡೆ. ಸೀಸ ಮತ್ತು ಆಮ್ಲದ ಈ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದರು. ಅದರಲ್ಲೇ ಎರಡು ಜಾತಿ. ಒಂದು, ಎಂಜಿನ್ ಸ್ಟಾರ್ಟ್ ಮಾಡಲು ಒಮ್ಮೆಲೇ ಜೋರಾಗಿ ಕೊಡುವುದು. ಇದರೊಳಗಿನ ಸೀಸದ ಫಲಕಗಳು ತೆಳು. ಇನ್ನೊಂದು, ನಿಧಾನವಾಗಿ ಬಹಳ ಹೊತ್ತು ಕೊಡುವುದು. ಇದರ ಫಲಕಗಳು ದಪ್ಪ. ಮೊದಲನೆಯದನ್ನು ಮತ್ತೆ ಮತ್ತೆ ಬರಿದು ಮಾಡಿದರೆ ಅದರ ಆಯುಷ್ಯ ಬೇಗ ಮುಗಿಯುತ್ತದೆ. ನೂರು ಮೀಟರ್ ಓಟದ ಹುಡುಗನ ತಲೆಯ ಮೇಲೆ ಜೋಳದ ಮೂಟೆ ಹೊರಿಸಿ ಊರೂರು ಸುತ್ತಿಸಿದ ಹಾಗೆ ನಾವು ಮಾಡಿದ್ದು.

ಪಿ.ಬಿ. ರಸ್ತೆಯ ಗುರು

2020ರ ಜನವರಿಯಲ್ಲಿ ದಾವಣಗೆರೆಯ ಹಳೆ ಪಿ.ಬಿ. ರಸ್ತೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಳಿ ಕಾರು ಒಯ್ದೆ. ಕಥೆಯೆಲ್ಲ ಕೇಳಿ ಆತ ಹೇಳಿದ: "ಎಂಜಿನ್ನಿಂದು ಎಂಜಿನ್ನಿಗೆ ಇರಲಿ ಸರ. ಕಂಪ್ಯೂಟರಿಗೆ ಬ್ಯಾರೆ ಬ್ಯಾಟ್ರಿ ಹಾಕೋಣ. ಎರಡೂ ಬ್ಯಾರೆ ಬ್ಯಾರೆ ಖಾತೆ."

ನನಗೆ ಥಟ್ಟನೆ ಬ್ಯಾಂಕಿನ ಯುಪಿಎಸ್ ಕೋಣೆ ನೆನಪಾಯಿತು. ಲೆಡ್ಜರ್ ಪುಸ್ತಕಗಳ ಕಾಲದಲ್ಲಿ ಕರೆಂಟ್ ಹೋದರೆ ಪೆಟ್ರೋಮ್ಯಾಕ್ಸ್ ಹಚ್ಚಿ ಬರೆಯುತ್ತಿದ್ದೆವು. ಕಂಪ್ಯೂಟರ್ ಬಂದ ಮೇಲೆ ಅವುಗಳಿಗಾಗಿ ಒಂದು ಕೋಣೆ ತುಂಬ ಬ್ಯಾಟರಿ ಸಾಲು ಬಂದವು. ಕರೆಂಟ್ ಇದ್ದಾಗ ತುಂಬಿಕೊಳ್ಳುವುದು, ಹೋದಾಗ ಕೊಡುವುದು. ಕಾರಿಗೆ ಈಗ ಬರುವುದೂ ಅದೇ, ಸಣ್ಣ ಪ್ರಮಾಣದಲ್ಲಿ.

ಡಿಕ್ಕಿಯಲ್ಲಿ ಕೂರಿಸಿದ್ದು 42 ಆಂಪಿಯರ್-ಅವರ್‌ನ, ಪೂರ್ತಿ ಮುಚ್ಚಿದ ಬ್ಯಾಟರಿ. ತೆರೆದ ಬಿರಡೆಯ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ. ಮುಚ್ಚಿದ ಡಿಕ್ಕಿಯಲ್ಲಿ ಅದು ಸೇರಿಕೊಂಡರೆ ಒಂದು ಕಿಡಿ ಸಾಕು. ಆದ್ದರಿಂದ ಅಂಥದ್ದು ಅಲ್ಲಿ ಬೇಡವೇ ಬೇಡ ಎಂದ.

ಇನ್ನು ಎರಡು ಬ್ಯಾಟರಿಗಳ ನಡುವೆ ಒಂದು ರಿಲೇ. ಇದೇ ಇಡೀ ವ್ಯವಸ್ಥೆಯ ಮ್ಯಾನೇಜರ್. ಎಂಜಿನ್ ಓಡುವಾಗ ಆಲ್ಟರ್ನೇಟರ್ ಕೊಡುವ ವೋಲ್ಟೇಜ್ 14ರ ಆಸುಪಾಸು. ನಿಂತಾಗ ತುಂಬಿದ ಬ್ಯಾಟರಿಯ ವೋಲ್ಟೇಜ್ 12.6 ಅಷ್ಟೇ. ಈ ರಿಲೇ ವೋಲ್ಟೇಜನ್ನೇ ನೋಡುತ್ತಿರುತ್ತದೆ. 13.3ರ ಹತ್ತಿರ ಏರಿತೋ, "ಎಂಜಿನ್ ಓಡುತ್ತಿದೆ, ಆದಾಯ ಬರುತ್ತಿದೆ" ಎಂದು ಎರಡೂ ಬ್ಯಾಟರಿಯನ್ನು ಕೂಡಿಸುತ್ತದೆ. 12.8ಕ್ಕೆ ಇಳಿಯಿತೋ, ಬೇರ್ಪಡಿಸುತ್ತದೆ. ಆಮೇಲೆ ಕಂಪ್ಯೂಟರ್ ಎಷ್ಟೇ ಹೀರಿದರೂ ಅದು ಎರಡನೇ ಖಾತೆಯಿಂದಲೇ. ಸ್ಟಾರ್ಟ್ ಮಾಡುವ ಬ್ಯಾಟರಿಗೆ ಕೈ ಹಾಕಲು ಬಿಡುವುದಿಲ್ಲ.

ನಾನು ಮನೆಯಲ್ಲಿದ್ದ ಮಾಮೂಲಿ ವೈರ್ ಒಂದು ಸುರುಳಿ ತಂದಿದ್ದೆ. ಆತ ನಕ್ಕು ಪಕ್ಕಕ್ಕಿಟ್ಟು, ಹೆಬ್ಬೆರಳಿಗಿಂತ ಸ್ವಲ್ಪ ಸಣ್ಣದಾದ ತಾಮ್ರದ ಕೇಬಲ್ ತೆಗೆದ. ಬಾನೆಟ್ಟಿನಿಂದ ಡಿಕ್ಕಿಗೆ ಐದು ಮೀಟರ್. ತೆಳು ವೈರಿನಲ್ಲಿ 20 ಆಂಪಿಯರ್ ಹರಿದರೆ ಒಂದು ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಸೋರಿಹೋಗುತ್ತದೆ. ಮನೆಯ 230 ವೋಲ್ಟಿನಲ್ಲಿ ಒಂದು ಹೋದರೆ ಲೆಕ್ಕಕ್ಕಿಲ್ಲ. 14ರಲ್ಲಿ ಒಂದು ಹೋದರೆ ಹಿಂದಿನ ಬ್ಯಾಟರಿ ಬೇಗ ತುಂಬುವುದಿಲ್ಲ.

ಮಕ್ಕಳೇ, ಇಲ್ಲೊಂದು ನಮ್ಮ ನಾಡಿನ ಕಥೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತಯಾರಿಸಿ, ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಅಷ್ಟು ದೂರ ಅದು ಸೋರದೆ ಹೋದದ್ದು ಹೇಗೆ? ವೋಲ್ಟೇಜನ್ನು ಬಹಳ ಮೇಲಕ್ಕೆ ಏರಿಸಿದ್ದರಿಂದ. ವೋಲ್ಟೇಜ್ ಹೆಚ್ಚಿದ್ದರೆ ಅದೇ ಶಕ್ತಿಯನ್ನು ಕಡಿಮೆ ಆಂಪಿಯರ್‌ನಲ್ಲಿ ಕಳಿಸಬಹುದು, ಸಣ್ಣ ತಂತಿಯೂ ಸಾಕು. ವೋಲ್ಟೇಜ್ ಕಡಿಮೆಯಾದರೆ ಐದು ಮೀಟರಿಗೂ ದಪ್ಪ ಕೇಬಲ್ ಬೇಕು. ಕಾರಿನಲ್ಲಿ ಇರುವುದು ಬರೀ 12 ಅಲ್ಲವೇ?

ಕೆಲಸ ಶುರು ಮಾಡುವ ಮೊದಲು ಆತ ಬೆರಳಿನ ಉಂಗುರ, ಕೈಗಡಿಯಾರ ಎರಡನ್ನೂ ಬಿಚ್ಚಿ ಜೇಬಿಗೆ ಹಾಕಿಕೊಂಡ. ಯಾಕೆಂದು ಮೊಮ್ಮಗಳು ಕೇಳಿದಳು. "12 ವೋಲ್ಟು ಶಾಕ್ ಹೊಡಿಯಂಗಿಲ್ಲ ತಂಗಿ. ಆದ್ರ ಉಂಗುರ ಎರಡೂ ಕಡೆ ತಾಗಿದ್ರ ಕಾದು ಕೆಂಪಾಗಿ ಬೆರಳೇ ಸುಡ್ತತಿ" ಎಂದ. ಆಮೇಲೆ ಕೇಬಲ್ಲಿನ ಎರಡೂ ತುದಿಗೆ, ಬ್ಯಾಟರಿಗಳ ಪಕ್ಕದಲ್ಲೇ, ಒಂದೊಂದು ಫ್ಯೂಸ್ ಹಾಕಿದ. ಒಂದು ಸಾಲದೇ ಎಂದೆ. "ಎರಡೂ ಕಡೆ ಬ್ಯಾಟ್ರಿ ಐತಲ್ರಿ. ನಡುವೆ ಕೇಬಲ್ ಸವೆದು ಬಾಡಿಗೆ ತಾಗಿದ್ರ ಎರಡೂ ಕಡಿಂದ ಬೆಂಕಿ ಬರ್ತತಿ." ಸರಿಯಾದ ಮಾತು. ಫ್ಯೂಸ್ ಇರುವುದು ಯಂತ್ರದ ರಕ್ಷಣೆಗಿಂತ ಮೊದಲು ವೈರಿನ ರಕ್ಷಣೆಗೆ.

ಬ್ಯಾಟರಿ ಅಲ್ಲಾಡದಂತೆ ಕಬ್ಬಿಣದ ಚೌಕಟ್ಟು ಬೇಕಿತ್ತು. ಅದನ್ನು ಮಾಡಿಕೊಟ್ಟವರು ಹರಿಹರದ ಒಬ್ಬ ನಿವೃತ್ತ ಟರ್ನರ್. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳಿಗೆ ಒಂದು ಕಾಲದಲ್ಲಿ ದೇಶದಲ್ಲೆಲ್ಲ ಹೆಸರಿತ್ತು. ಕಾರ್ಖಾನೆ ಈಗ ಮುಚ್ಚಿದೆ. ಅಲ್ಲಿ ಕಲಿತ ಕೈಗಳು ಮಾತ್ರ ಇನ್ನೂ ಮರೆತಿಲ್ಲ. ನೂಲು ಕೂಡ ನುಸುಳದ ಹಾಗೆ ಅಳತೆ ಹಿಡಿದು ಮಾಡಿಕೊಟ್ಟರು. ಹಣ ಕೇಳಿದರೆ, "ಹೋದ ವರ್ಷ ನನ್ನ ಸರ್ಟಿಫಿಕೇಟ್ ನೀವೇ ಮಾಡಿದ್ದು, ಮರೆತ್ರಾ?" ಎಂದರು.

ಎಲ್ಲ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಕೈ ಒರೆಸಿಕೊಳ್ಳುತ್ತ, "ನಿಮ್ಮ ಕಾರೂ ಈಗ ಹರಿಹರ ಆತು ಬಿಡ್ರಿ. ಒಂದೇ ಮೈಯಾಗ ಇಬ್ರು" ಎಂದ. ಹರಿಹರದಲ್ಲಿ 13ನೇ ಶತಮಾನದ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನ ನೋಡಿದವರಿಗೆ ಆ ಮಾತು ತಿಳಿಯುತ್ತದೆ. ಒಂದೇ ಮೂರ್ತಿಯಲ್ಲಿ ಒಂದು ಅರ್ಧ ಹರ, ಇನ್ನೊಂದು ಅರ್ಧ ಹರಿ. ಅವತ್ತು ಮೂವರೂ ಮಂಡಕ್ಕಿ, ಮೆಣಸಿನಕಾಯಿ ತಿಂದು ಮನೆಗೆ ಬಂದೆವು. ಖರ್ಚಿನ ಲೆಕ್ಕ ಕೇಳಿದ ನಮ್ಮ ಮನೆಯವರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ಅದು ಬೇರೆ ಮಾತು.

ಮೊಮ್ಮಗಳ ಪಾಸ್‌ಬುಕ್

ಇಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡೆ. ಮೊಮ್ಮಗಳು ಬಿಡಲಿಲ್ಲ. ಒಂದು ಸಣ್ಣ ನೋಟ್‌ಬುಕ್ಕಿಗೆ ಗೆರೆ ಹಾಕಿ, ಮೇಲೆ 'ಡಿಕ್ಕಿ ಬ್ಯಾಟರಿ ಪಾಸ್‌ಬುಕ್' ಎಂದು ಬರೆದಳು. ಕೆಲಸ ಶುರುವಾಗುವ ಮೊದಲು, ಮುಗಿದ ಮೇಲೆ, ಮನೆಗೆ ಬಂದು ಒಂದೆರಡು ಗಂಟೆ ಕಳೆದ ಮೇಲೆ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಬರೆಯುವುದು. ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ತೋರಿಸಿದರೆ ತುಂಬಿದೆ. 12.4 ಅಂದರೆ ಸುಮಾರು ಮುಕ್ಕಾಲು. 12.2 ಅಂದರೆ ಅರ್ಧ. 12 ಎಂದರೆ ಕಾಲು ಭಾಗ ಮಾತ್ರ. ಅಂಕಿ ನೋಡಲು ಅಂತರ ಸಣ್ಣದು, ಅರ್ಥ ದೊಡ್ಡದು. ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಎಂಬುದು ನಮ್ಮ ನಿಯಮ.

ಮೂರು ಸಲ ಹಳ್ಳಿಗೆ ಹೋಗಿ ಬಂದ ಮೇಲೆ ಅವಳು ಪಾಸ್‌ಬುಕ್ ತಂದು ತೋರಿಸಿದಳು. "ಅಜ್ಜ, ಪ್ರತಿ ಸಲ ಬ್ಯಾಲೆನ್ಸ್ ಕಡಿಮೆ ಆಗ್ತಾ ಇದೆ." ನಿಜ. ಮೂರು ಗಂಟೆ ಕೆಲಸದಲ್ಲಿ ಇಪ್ಪತ್ತರ ಹತ್ತಿರ ತೆಗೆಯುತ್ತಿದ್ದೆವು. ಹರಿಹರದಿಂದ ದಾವಣಗೆರೆಗೆ ಬರುವುದು ಅರ್ಧ ಗಂಟೆ. ಅಷ್ಟರಲ್ಲಿ ಎಂಟು-ಹತ್ತು ಆಂಪಿಯರ್‌ನಂತೆ ತುಂಬಿದರೂ ಜಮಾ ಆಗುವುದು ನಾಲ್ಕೋ ಐದೋ. ಇಪ್ಪತ್ತು ಖರ್ಚು, ಐದು ಜಮಾ. ಯಾವ ಖಾತೆ ತಾನೇ ಉಳಿದೀತು?

ಪರಿಹಾರ ಎರಡು ದಾರಿಯಲ್ಲಿ ಸಿಕ್ಕಿತು. ಒಂದು, ಜಮಾ ಹೆಚ್ಚಿಸುವುದು. ಮನೆಗೆ ಬಂದ ರಾತ್ರಿ ಗೋಡೆಯ ಪ್ಲಗ್ಗಿನಿಂದ ಬ್ಯಾಟರಿ ಚಾರ್ಜರ್ ಹಾಕಿ ಬೆಳಗಿನವರೆಗೆ ಬಿಡುವುದು. ಇನ್ನೊಂದು, ಖರ್ಚು ತಗ್ಗಿಸುವುದು. ಲ್ಯಾಪ್‌ಟಾಪಿಗೆ ಬೇಕಾದದ್ದು 19 ವೋಲ್ಟ್. ನಾವು 12ನ್ನು 230ಕ್ಕೆ ಏರಿಸಿ, ಅದೇ ಲ್ಯಾಪ್‌ಟಾಪಿನ ಚಾರ್ಜರ್ ಮೂಲಕ ಮತ್ತೆ 19ಕ್ಕೆ ಇಳಿಸುತ್ತಿದ್ದೆವು. ಪಕ್ಕದ ಮನೆಗೆ ಹೋಗಲು ಊರೆಲ್ಲ ಸುತ್ತಿದ ಹಾಗೆ. 12ರಿಂದ ನೇರವಾಗಿ 19 ಮಾಡುವ ಕಾರ್ ಅಡಾಪ್ಟರ್ ಸಿಗುತ್ತದೆ, ಅದನ್ನು ತಂದೆವು. ಮೊಬೈಲಿಗೆ ಯುಎಸ್‌ಬಿ ಸಾಕೆಟ್. ಬೆರಳಚ್ಚು ಯಂತ್ರ ಲ್ಯಾಪ್‌ಟಾಪಿನಿಂದಲೇ 5 ವೋಲ್ಟ್ ತೆಗೆದುಕೊಳ್ಳುತ್ತದೆ. ಇನ್ವರ್ಟರ್ ಉಳಿದದ್ದು ಪ್ರಿಂಟರಿಗೆ ಮಾತ್ರ, ಅದೂ ಅಚ್ಚು ಹಾಕುವ ಎರಡು ನಿಮಿಷ. ಆಮೇಲೆ ಪಾಸ್‌ಬುಕ್ ಸರಿಹೋಯಿತು.

ನಾವು ಎಣಿಸದ ಉಪಯೋಗ

ಅಷ್ಟರಲ್ಲಿ 2020ರ ಮಾರ್ಚ್ ಬಂತು. ಕೊರೊನಾ. ಅದರ ಕಥೆ ನಿಮಗೆಲ್ಲ ಗೊತ್ತು. ಆ ವರ್ಷ ಕೇಂದ್ರ ಸರ್ಕಾರ ಜೀವಿತ ಪ್ರಮಾಣಪತ್ರದ ಕೊನೆಯ ದಿನವನ್ನು ಮೊದಲು ಡಿಸೆಂಬರ್ 31ಕ್ಕೆ, ಆಮೇಲೆ 2021ರ ಫೆಬ್ರುವರಿ 28ಕ್ಕೆ ಮುಂದೂಡಿತು. ಆದರೂ ಹಿರಿಯರಿಗೆ ಭಯ. ಪೇಟೆಗೆ ಹೋಗಿ ಗುಂಪಿನಲ್ಲಿ ನಿಲ್ಲುವ ಹಾಗಿಲ್ಲ. ಹೊರಗಿನವರನ್ನು ಮನೆಯೊಳಗೆ ಕರೆಯುವ ಹಾಗೂ ಇಲ್ಲ.

ಆಗ ನಮ್ಮ ಡಿಕ್ಕಿ ಬ್ಯಾಟರಿಯ ಬೆಲೆ ಗೊತ್ತಾಯಿತು. ನಮಗೆ ಯಾರ ಮನೆಯ ಪ್ಲಗ್ಗೂ ಬೇಕಿರಲಿಲ್ಲ! ಬಯಲಿನಲ್ಲಿ, ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ ಡಿಕ್ಕಿ ತೆರೆದರೆ ಅದೇ ಕಚೇರಿ. ಒಬ್ಬೊಬ್ಬರೇ ಬಂದು, ಮೂಗು-ಬಾಯಿ ಮುಚ್ಚಿಕೊಂಡು, ಕೈ ತೊಳೆದು ಬೆರಳಿಟ್ಟು ಹೋಗುತ್ತಿದ್ದರು. ಪ್ರತಿಯೊಬ್ಬರ ನಂತರ ಯಂತ್ರವನ್ನು ಒರೆಸುವುದು ಮೊಮ್ಮಗಳ ಕೆಲಸ. ನಡುನಡುವೆ ಹಿಂದಿನ ಸೀಟಿನಲ್ಲಿ ಕುಳಿತು ಮೊಬೈಲಿನಲ್ಲಿ ಅವಳ ಆನ್‌ಲೈನ್ ಪಾಠವೂ ನಡೆಯುತ್ತಿತ್ತು. ಆ ಊರಿನ ಇಬ್ಬರು ಹುಡುಗರು ಕಿಟಕಿಯ ಹೊರಗೆ ನಿಂತು ಅದೇ ಗಣಿತದ ಪಾಠ ಕೇಳಿಸಿಕೊಂಡರು.

2021ರ ನವೆಂಬರ್‌ನಿಂದ ಮೊಬೈಲಿನ ಮುಂದೆ ಮುಖ ತೋರಿಸಿದರೂ ಪ್ರಮಾಣಪತ್ರ ಆಗುವ ವ್ಯವಸ್ಥೆ ಬಂದಿದೆ. ಒಳ್ಳೆಯದೇ ಆಯಿತು. ಸವೆದ ಬೆರಳಿನವರಿಗೆ ಅದು ವರ. ನಮ್ಮ ಲ್ಯಾಪ್‌ಟಾಪಿನ ಕೆಲಸ ಕಡಿಮೆಯಾಗಿದೆ, ಪ್ರಿಂಟರಿನದು ಆಗಿಲ್ಲ. ಕಾಗದ ಮಾತ್ರ ಎಲ್ಲರಿಗೂ ಬೇಕು.

ನೀವು ಮಾಡಿಸುವುದಾದರೆ

ಮೊಬೈಲ್ ಒಂದನ್ನೇ ಚಾರ್ಜ್ ಮಾಡುವುದಿದ್ದರೆ ಇಷ್ಟೆಲ್ಲ ಬೇಡ. ಕಾರಿನ ಸಾಕೆಟ್ಟಿಗೆ ಹಾಕುವ ಸಣ್ಣ ಚಾರ್ಜರ್ ಅಥವಾ ಒಂದು ಪವರ್ ಬ್ಯಾಂಕ್ ಸಾಕು. ದಿನಕ್ಕೆ ಗಂಟೆಗಟ್ಟಲೆ ಕಂಪ್ಯೂಟರ್ ನಡೆಸಬೇಕಾದವರಿಗೆ ಮಾತ್ರ ಎರಡನೇ ಬ್ಯಾಟರಿ.

ಕಾರಿನ ಸಾಕೆಟ್ಟಿಗೂ ಒಂದು ಮಿತಿಯಿದೆ. ಅದರ ಫ್ಯೂಸ್ 10 ಆಂಪಿಯರ್ ಆಗಿದ್ದರೆ 120 ವ್ಯಾಟ್ ಮೀರಬಾರದು. ಫ್ಯೂಸ್ ಹೋಯಿತೆಂದು ದೊಡ್ಡದು ಹಾಕಬೇಡಿ. ಫ್ಯೂಸ್ ಹೋಗಬೇಕಾದ ಕಡೆ ವೈರ್ ಹೋಗುತ್ತದೆ.

ಲೇಸರ್ ಪ್ರಿಂಟರನ್ನು ಕಾರಿಗೆ ತರಬೇಡಿ. ಅದರೊಳಗೆ ಕಾಗದಕ್ಕೆ ಪುಡಿ ಅಂಟಿಸಲು ಕಾಯುವ ಉರುಳೆ ಇದೆ. ಕಾಯುವಾಗ ಅದಕ್ಕೆ ನೂರಾರು ವ್ಯಾಟ್ ಬೇಕು. ಇಂಕ್‌ಜೆಟ್ ಆದರೆ ಸರಿ.

ಇತ್ತೀಚಿನ ಕೆಲವು ಕಾರುಗಳಲ್ಲಿ ಇಂಧನ ಉಳಿಸಲು ಆಲ್ಟರ್ನೇಟರ್ ತನ್ನ ವೋಲ್ಟೇಜನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅಲ್ಲಿ ನಮ್ಮಂಥ ರಿಲೇ ಸರಿಯಾಗಿ ಕೆಲಸ ಮಾಡದು, ಬೇರೆ ಬಗೆಯ ಚಾರ್ಜರ್ ಬೇಕು. ಕಾರಿಗೆ ವಾರಂಟಿ ಇದ್ದರೆ ವೈರಿಗೆ ಕೈ ಹಾಕುವ ಮೊದಲು ಸರ್ವಿಸ್ ಸೆಂಟರಿನಲ್ಲಿ ಕೇಳಿಕೊಳ್ಳಿ.

ಬ್ಯಾಟರಿ ತುಂಬಲಿ ಎಂದು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಾಸನೆಯೂ ಇಲ್ಲದೆ ಜೀವ ತೆಗೆಯುತ್ತದೆ.

ಮಕ್ಕಳೇ, ಬ್ಯಾಟರಿಯ ತುದಿಗಳನ್ನು ನೀವು ಮುಟ್ಟಬೇಡಿ, ಇನ್ವರ್ಟರಿನ ಪ್ಲಗ್ಗಂತೂ ಬೇಡವೇ ಬೇಡ, ಅದು ಮನೆಯ ಕರೆಂಟಿನಷ್ಟೇ ಅಪಾಯ. ನೀವು ಮಾಡಬಹುದಾದ ಕೆಲಸ ಬೇರೆ ಇದೆ. ಮನೆಯಲ್ಲಿರುವ ಚಾರ್ಜರುಗಳನ್ನೆಲ್ಲ ಪ್ಲಗ್ಗಿನಿಂದ ತೆಗೆದು, ಬೆನ್ನಿನ ಮೇಲಿನ ಸಣ್ಣ ಅಕ್ಷರ ಓದಿ. 'ಔಟ್‌ಪುಟ್' ಎಂಬಲ್ಲಿ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದಿರುತ್ತದೆ. ಎರಡನ್ನೂ ಗುಣಿಸಿದರೆ ವ್ಯಾಟ್. 5 ವೋಲ್ಟ್, 2 ಆಂಪಿಯರ್ ಆದರೆ 10 ವ್ಯಾಟ್. ಅಜ್ಜ-ಅಜ್ಜಿಗೆ ಕನ್ನಡಕ ಸಿಗದಿದ್ದರೆ ನೀವೇ ಓದಿ, ಅವರು ಬಾಯಿಲೆಕ್ಕ ಹಾಕಲಿ. ಯಾರು ಬೇಗ ಹೇಳುತ್ತಾರೆ ನೋಡೋಣ.

ಕೊನೆಯದಾಗಿ ಆ ಅಜ್ಜಿಯ ವಿಷಯ. 2020ರ ಡಿಸೆಂಬರ್‌ನಲ್ಲಿ ನಾವು ಮೊದಲು ಹೋದದ್ದು ಅವರ ಊರಿಗೇ. ಬೆಳಿಗ್ಗೆ ಎಂಟಕ್ಕೇ ಹೋಗಿ ಮನೆ ಮುಂದೆ ಕಾರು ನಿಲ್ಲಿಸಿದೆವು. ಅಜ್ಜಿ ಜಗಲಿಯ ಮೇಲೇ ಇದ್ದರು. ಮಡಿಲಲ್ಲಿ ಅದೇ ಪ್ಲಾಸ್ಟಿಕ್ ಚೀಲ. ಬೆರಳು ಒಂಬತ್ತನೇ ಸಲಕ್ಕೆ ಹಿಡಿಯಿತು. ಡಿಕ್ಕಿಯೊಳಗಿನ ಪ್ರಿಂಟರ್ ಕಿರ್ರೆಂದು ಕಾಗದ ಹೊರಗೆ ತಳ್ಳಿದಾಗ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. "ಈ ಸಲ ಗಾಡಿ ಚಾಲೂ ಆಗ್ತತೇನ್ರಿ ಬ್ಯಾಂಕಿನ ಸಾಹೇಬ್ರೇ?" ಎಂದು ನಕ್ಕರು.

ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಚಾಲೂ ಆಯಿತು. ಮೊಮ್ಮಗಳು ಪಾಸ್‌ಬುಕ್ ತೆಗೆದು ಅವತ್ತಿನ ತಾರೀಕು ಬರೆದಳು. ಮುಂದೆ '12.5' ಎಂದು ಬರೆದು, ಅದರ ಪಕ್ಕದಲ್ಲಿ 'ಅಜ್ಜಿ, ಜಮಾ' ಎಂದು ಸೇರಿಸಿದಳು.